ಸ್ವಯಂಸೇವಕರೂ ಮನ್ನಣೆಯೂ

ವೇತನವಿಲ್ಲದೆ ದುಡಿಯುವವನನ್ನು ಸಂಸ್ಥೆಯು ಯಾವ ಬಲದಿಂದ ತನ್ನೊಡನೆ ಉಳಿಸಿಕೊಳ್ಳಬಲ್ಲುದೆಂಬ ಪ್ರಶ್ನೆ ಸೇವಾಸಂಸ್ಥೆಗಳಷ್ಟೇ ಪ್ರಾಚೀನವಾದರೂ, ಅದು ವ್ಯವಸ್ಥಿತ ವಿಚಾರಕ್ಕೆ ವಿಷಯವಾದುದು ಕಳೆದ ಶತಮಾನದಲ್ಲಿ.

ನಮ್ಮ ದೇಶದ ಒಂದು ನಿದರ್ಶನವನ್ನು ಮೊದಲು ನೋಡೋಣ. 1923ರ ನಾಗಪುರದ ಧ್ವಜಸತ್ಯಾಗ್ರಹದಲ್ಲಿ ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿ ಸೇವಾಮಂಡಲದವರು ಕ್ಷಮಾಪತ್ರ ಬರೆದುಕೊಡಲೊಪ್ಪದೆ ಸೆರೆವಾಸವನ್ನು ಅನುಭವಿಸಿದ ಸ್ಥೈರ್ಯವೇ, ಅದೇ ವರ್ಷದ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಹಿಂದೂಸ್ತಾನೀ ಸೇವಾದಳದ ಜನ್ಮಕ್ಕೆ ಪ್ರೇರಣೆಯಾಯಿತು. ಅವರಿಗೆ ದೊರೆತ ಮನ್ನಣೆ ಪದಕವಲ್ಲ, ಶಿಕ್ಷಣ. ನಂಬಿ ವಹಿಸಿದ ಹೊಣೆ. ಮುಂದಿನ ಅನೇಕ ಸಂಸ್ಥೆಗಳು ಇದನ್ನು ಮರೆತುವೆಂಬುದು ಖೇದಕರ.

ಪಾಶ್ಚಾತ್ಯ ದೇಶಗಳಲ್ಲಿ ಮನ್ನಣೆಯು ಮೊದಲು ಉತ್ಸವದ ರೂಪ ತಾಳಿತು. ಯುದ್ಧಕಾಲದಲ್ಲಿ ಶ್ರಮಿಸಿದ ಸ್ತ್ರೀಯರ ಗೌರವಾರ್ಥ 1943ರಲ್ಲಿ ಕೆನಡಾ ಒಂದು ಸ್ವಯಂಸೇವಕ ಸಪ್ತಾಹವನ್ನು ಆಚರಿಸಿತು. 1974ರಲ್ಲಿ ಅಮೆರಿಕವೂ ಅದನ್ನು ಅನುಸರಿಸಿತು. ಈ ಕಾಲಾವಧಿಯಲ್ಲೇ ಹ್ಯಾರಿಯೆಟ್ ನೇಲರ್ ಅವರ 1967ರ ಗ್ರಂಥವೂ, ಮಾರ್ಲೀನ್ ವಿಲ್ಸನ್ ಅವರ 1976ರ ಗ್ರಂಥವೂ ಸ್ವಯಂಸೇವಕರ ನಿರ್ವಹಣೆಯನ್ನು ಒಂದು ಶಾಸ್ತ್ರವಾಗಿಸುವತ್ತ ಹೆಜ್ಜೆಯಿಟ್ಟುವು.

ಆದರೆ ಸೇವಕನ ಅಂತರಂಗವನ್ನು ಹೊಕ್ಕು ನೋಡಿದವರು ಮನಶ್ಶಾಸ್ತ್ರಜ್ಞರು. ಏಡ್ಸ್ ಪೀಡಿತರ ಶುಶ್ರೂಷೆಗೆ ಬಂದವರನ್ನು ಪರಿಶೀಲಿಸಿ 1995ರಲ್ಲಿ ಆಲನ್ ಓಮೊಟೊ ಮತ್ತು ಮಾರ್ಕ್ ಸ್ನೈಡರ್ ಪ್ರಕಟಿಸಿದ ನಿರ್ಣಯ ಅನೇಕರನ್ನು ಚಕಿತಗೊಳಿಸುವಂಥದು: ಜ್ಞಾನಾರ್ಜನೆ, ಆತ್ಮವಿಶ್ವಾಸ, ಸ್ವಂತ ಬೆಳವಣಿಗೆ ಇವುಗಳನ್ನರಸಿ ಬಂದವರೇ ಹೆಚ್ಚು ಕಾಲ ಉಳಿದಿದ್ದರು. 1998ರಲ್ಲಿ ಗಿಲ್ ಕ್ಲೇರಿ ಮತ್ತು ಸ್ನೈಡರ್ ಮೊದಲಾದವರು ಸೇವೆಗೆ ಆರು ಬಗೆಯ ಪ್ರೇರಣೆಗಳನ್ನು ಗುರುತಿಸಿ, ಒಬ್ಬನು ಯಾವುದನ್ನು ಅಪೇಕ್ಷಿಸಿ ಬಂದನೋ ಅದು ಕೆಲಸದಲ್ಲಿ ದೊರೆತಾಗ ಅವನು ತೃಪ್ತನಾಗುವನೆಂದು ತೋರಿಸಿದರು. ಇದರಿಂದ ಪರೋಪಕಾರಬುದ್ಧಿಗೆ ಕುಂದಿಲ್ಲವೆಂದೇ ನನ್ನ ಭಾವನೆ. ಕಲಿಯುವ ಹಂಬಲವೂ ನಿರ್ಮಲವಾದುದೇ.

ಈ ಬೆಳಕಿನಲ್ಲಿ ಮತ್ತೆ ನಮ್ಮ ದೇಶದತ್ತ ನೋಡೋಣ. ಗಾಂಧೀ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ಆರಂಭವಾದ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯು ಮನ್ನಣೆಯನ್ನು ಗಂಟೆಗಳಲ್ಲಿ ಅಳೆಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಒಂದು ವಿಶೇಷ ಶಿಬಿರ, ಆ ಬಳಿಕ ಪ್ರಮಾಣಪತ್ರ. ಕೊನಾರ್ಕದ ರಥಚಕ್ರದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡ ಹುಡುಗಿಯೊಬ್ಬಳು, ಚರಂಡಿ ತೆಗೆದ ಕೈಯನ್ನು ತೊಳೆದುಕೊಂಡು, ಅಂದಿನ ಗಂಟೆಗಳನ್ನು ದಿನಚರಿಯಲ್ಲಿ ಬರೆದು, ಕಾರ್ಯಕ್ರಮಾಧಿಕಾರಿಯ ರುಜುವಿಗೆ ಒಪ್ಪಿಸುವಳು. ಆ ರುಜುವಿಗೆ ಬೆಲೆಯುಂಟು. ಆದರೆ ಆ ಚರಂಡಿಯಿಂದ ಊರಿಗೆ ಏನಾಯಿತೆಂಬುದನ್ನು ಅವಳಿಗೆ ತಿಳಿಸುವ ಅಂಕಣ ಆ ದಿನಚರಿಯಲ್ಲಿಲ್ಲ. ಪ್ರಮಾಣಪತ್ರ ಕೈಸೇರಿದೊಡನೆ ಅನೇಕರ ಸೇವೆ ನಿಲ್ಲುವುದಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಇದಕ್ಕೆ ಪ್ರತಿಯಾಗಿ, ಕೇರಳದ ಮಲಪ್ಪುರಂನಲ್ಲಿ ಈ ಶತಮಾನದ ಆದಿಯಿಂದ ಬೆಳೆದ ಉಪಶಾಮಕ ಶುಶ್ರೂಷೆಯ ನೆರೆಹೊರೆ ಜಾಲದಲ್ಲಿ, ರೋಗಿಯ ಮನೆಗೆ ಹೋಗುವ ಸ್ವಯಂಸೇವಕರೇ ಊರಿನವರಿಂದ ಹಣ ಕೂಡಿಸುವರು, ಕಾರ್ಯವನ್ನು ಯೋಜಿಸುವರು. ಅಲ್ಲಿ ಮನ್ನಣೆಯೆಂದರೆ ಅಧಿಕಾರದಲ್ಲಿ ಪಾಲು. ನಾನು ಬಲ್ಲ ಮಾದರಿಗಳಲ್ಲಿ ಇದನ್ನೇ ಶ್ರೇಷ್ಠವೆನ್ನುವೆನು.

ಸಂಸ್ಥೆಗಳ ಕಾರ್ಯದರ್ಶಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಮುಂದಿನ ವಾರ್ಷಿಕೋತ್ಸವಕ್ಕೆ ಶಾಲು, ಫಲಕಗಳನ್ನು ತರಿಸುವ ಮುನ್ನ, ಪ್ರತಿಯೊಬ್ಬ ಸ್ವಯಂಸೇವಕನಿಗೂ ಅವನ ಕೆಲಸದ ಫಲವನ್ನು ತಿಳಿಸಿರಿ, ಕಾರ್ಯಕಾರಿ ಸಮಿತಿಯಲ್ಲಿ ಸ್ವಯಂಸೇವಕರಿಗೂ ಸ್ಥಾನ ಕೊಡಿರಿ.