ಹದಿಹರೆಯದ ಮನಸ್ಸು, ಮನೆ ಮತ್ತು ಚಿಕಿತ್ಸೆ: ಒಂದು ಸಮೀಕ್ಷೆ

ಹದಿಹರೆಯದವರ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ ಈಚೆಗೆ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ: ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಳ್ಳಬೇಕು, ಇಲ್ಲವೇ ಕೆಟ್ಟ ಸ್ಕೂಟರನ್ನು ಗ್ಯಾರೇಜಿಗೆ ಬಿಟ್ಟುಬರುವಂತೆ ಮಗುವನ್ನು ಆಪ್ತಸಲಹೆಗಾರರ ಬಳಿ ಬಿಟ್ಟುಬರಬೇಕು. ಸರಿಹೋಗಬೇಕಾದದ್ದು ಮಗು ಮಾತ್ರ, ಮನೆಯಲ್ಲ ಎಂಬ ಎಣಿಕೆ ಎರಡರಲ್ಲೂ ಅಡಗಿದೆ. ಈ ಕ್ಷೇತ್ರ ನಡೆದುಬಂದ ದಾರಿಯನ್ನು, ವಿಶೇಷವಾಗಿ ಬೆಂಗಳೂರಿನಲ್ಲಿ ನಡೆದ ಕೆಲಸವನ್ನು, ಗಮನಿಸಿದವರಿಗೆ ಈ ಎಣಿಕೆ ಎಷ್ಟು ಹಳೆಯದೆಂಬುದು ತಿಳಿಯದೆ ಇರದು.

ಹದಿಹರೆಯವನ್ನು ಪ್ರತ್ಯೇಕ ಅಧ್ಯಯನದ ವಿಷಯವಾಗಿಸಿದ ಶ್ರೇಯಸ್ಸು ಅಮೆರಿಕದ ಸ್ಟ್ಯಾನ್ಲಿ ಹಾಲ್ ಅವರ 1904ರ ಗ್ರಂಥಕ್ಕೆ ಸಲ್ಲುತ್ತದೆ. ಆ ವಯಸ್ಸೆಂದರೆ ಬಿರುಗಾಳಿ ಎಂಬ ಅವರ ಉತ್ಪ್ರೇಕ್ಷೆ ಇಂದಿಗೂ ಪೂರ್ತಿ ಅಳಿದಿಲ್ಲ. ಷಿಕಾಗೋದಲ್ಲಿ 1909ರಲ್ಲಿ ಮೊದಲಾದ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯದ ಕಲ್ಪನೆ 1937ರ ಹೊತ್ತಿಗೆ ಮುಂಬಯಿಗೆ ಬಂದಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಕನ್ನಡ ಓದುಗರ ಮಟ್ಟಿಗೆ, ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನೋವೈದ್ಯಕ್ಕೆ ಸಂದ ಮನ್ನಣೆಯೂ ಆಗಿತ್ತು.

ಈ ನಡುವೆ ಪಶ್ಚಿಮದಲ್ಲಿ ಪೋಷಕರ ನಡವಳಿಕೆಯೇ ಸಂಶೋಧನೆಯ ವಸ್ತುವಾಯಿತು. ಡಯಾನಾ ಬೌಮ್ರಿಂಡ್ 1960ರ ದಶಕದಲ್ಲಿ ಪೋಷಕರನ್ನು ಮೂರು ಬಗೆಯಾಗಿ ವಿಂಗಡಿಸಿದರು: ಪ್ರಶ್ನೆಗೆ ಎಡೆಗೊಡದೆ ಆಜ್ಞಾಪಿಸುವವರು, ಯಾವುದಕ್ಕೂ ಅಂಕೆಯಿಡದವರು, ಮತ್ತು ಅಂಕೆಯ ಜೊತೆಗೆ ಅಕ್ಕರೆಯನ್ನೂ ವಿವರಣೆಯನ್ನೂ ಕೊಡುವವರು. ಈ ಪಟ್ಟಿ ಇಂದು ಪೋಷಕರ ಶಿಬಿರಗಳಲ್ಲಿ ತಪ್ಪದೆ ಪರದೆಯ ಮೇಲೆ ಮೂಡುತ್ತದೆ. ಅದಕ್ಕಿಂತ ಹೆಚ್ಚು ಉಪಯುಕ್ತವಾದ, ಜೆರಾಲ್ಡ್ ಪ್ಯಾಟರ್ಸನ್ 1982ರ ಗ್ರಂಥದಲ್ಲಿ ವಿವರಿಸಿದ ‘ಬಲವಂತದ ಸುರುಳಿ’ ಮಾತ್ರ ಅಪರೂಪಕ್ಕೂ ಕಾಣಿಸುವುದಿಲ್ಲ. ಓದಲು ಕೂರು ಎಂದು ತಾಯಿ ಹೇಳುತ್ತಾಳೆ, ಮಗ ಗೊಣಗುತ್ತಾನೆ, ತಾಯಿಯ ದನಿ ಏರುತ್ತದೆ, ಮಗ ಬಾಗಿಲನ್ನು ದಢಾರನೆ ಹಾಕಿಕೊಳ್ಳುತ್ತಾನೆ, ಹಾಳಾಗಿ ಹೋಗು ಎಂದು ತಾಯಿ ಕೈಬಿಡುತ್ತಾಳೆ. ಕೂಗಾಡಿದರೆ ಕೆಲಸ ತಪ್ಪುತ್ತದೆಂದು ಮಗ ಕಲಿತಿರುತ್ತಾನೆ, ಕೈಬಿಟ್ಟರೆ ಆ ಕ್ಷಣದ ಜಗಳ ನಿಲ್ಲುತ್ತದೆಂದು ತಾಯಿ ಕಲಿತಿರುತ್ತಾಳೆ. ಮರುದಿನ ಇಬ್ಬರೂ ಒಂದು ಮೆಟ್ಟಿಲು ಮೇಲಿನಿಂದಲೇ ಆರಂಭಿಸುತ್ತಾರೆ. ಮಗನೊಬ್ಬನಿಗೆ ಎಷ್ಟು ಬುದ್ಧಿ ಹೇಳಿದರೂ ಈ ಸುರುಳಿ ಬಿಚ್ಚುವುದಿಲ್ಲ, ಏಕೆಂದರೆ ಅದರ ಅರ್ಧ ಭಾಗ ಅವನ ಕೈಯಲ್ಲಿಲ್ಲ.

ಭಾರತದಲ್ಲಿ ಕುಟುಂಬವನ್ನು ಚಿಕಿತ್ಸೆಯ ಒಳಗೆ ತಂದ ಪರಂಪರೆ ಅಮೃತಸರದ ವಿದ್ಯಾ ಸಾಗರ್ ಅವರಿಂದ ಆರಂಭವಾಯಿತು. 1950ರ ದಶಕದಲ್ಲಿ ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಉಳಿಸಿಕೊಂಡವರು ಅವರು. ನಿಮ್ಹಾನ್ಸ್ ಸುತ್ತ ಬೆಳೆದ ಬೆಂಗಳೂರಿನ ಪಂಥ ಈ ಪರಂಪರೆಯನ್ನು ಶಾಲೆಯ ಕಡೆಗೂ ಚಾಚಿತು. ಮಕ್ಕಳ ತೊಂದರೆಯನ್ನು ಮೊದಲು ಕಾಣುವವರು ಶಿಕ್ಷಕರು ಎಂಬ ತಿಳಿವಿನಿಂದ ಮಾಳವಿಕಾ ಕಪೂರ್ ಅವರು ನಡೆಸಿದ ಕೆಲಸ 1990ರ ದಶಕದ ಅವರ ಎರಡು ಪುಸ್ತಕಗಳಲ್ಲಿ ದಾಖಲಾಗಿದೆ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಬೆಂಗಳೂರು ನಗರ ಹಾಗೂ ಗ್ರಾಮಾಂತರದ ಸಮೀಕ್ಷೆಯಲ್ಲಿ 16 ವರ್ಷದವರೆಗಿನ ಮಕ್ಕಳಲ್ಲಿ ಶೇ. 12.5ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಶ್ರೀಕಲಾ ಭರತ್ ಮತ್ತು ಕೆ. ವಿ. ಕಿಶೋರ್ ಕುಮಾರ್ ಅವರು ರೂಪಿಸಿದ ಜೀವನ ಕೌಶಲ ಶಿಕ್ಷಣವು, ಅಂದರೆ ನಿರ್ಧಾರ ಕೈಗೊಳ್ಳುವುದು, ಭಾವನೆಗಳನ್ನು ನಿಭಾಯಿಸುವುದು ಮೊದಲಾದವನ್ನು ಆಟ, ಚರ್ಚೆ, ಅಭಿನಯಗಳ ಮೂಲಕ ಶಿಕ್ಷಕರೇ ಕಲಿಸುವ ಕ್ರಮವು, ಎಂಟರಿಂದ ಹತ್ತನೆಯ ತರಗತಿಯವರೆಗೆ ಹರಡಿತು.

2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನವನ್ನು ಹೊಗಳುವವರು ಬಹಳ, ಪೂರ್ತಿ ಓದಿದವರು ಕಡಿಮೆ. ತರಬೇತಿ ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ಮಂದಿಯೊಡನೆ ಹೋಲಿಸಿದಾಗ ಆತ್ಮಗೌರವ, ಕಷ್ಟವನ್ನು ನಿಭಾಯಿಸುವ ಬಲ, ಶಾಲೆ ಮತ್ತು ಶಿಕ್ಷಕರೊಡನೆ ಹೊಂದಾಣಿಕೆ ಇವೆಲ್ಲ ಸ್ಪಷ್ಟವಾಗಿ ಮೇಲಾಗಿದ್ದವು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪಾಠ ನಡೆದದ್ದು ಶಾಲೆಯಲ್ಲಿ, ಬದಲಾವಣೆಯೂ ಅಲ್ಲಿಯೇ ಆಯಿತು. ಬಿಹಾರದ ನಳಂದಾ ಜಿಲ್ಲೆಯ 74 ಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹೆರ್’ ಪ್ರಯೋಗವು ಬೆಂಗಳೂರಿನ ಪಂಥಕ್ಕೆ ಇನ್ನೂ ಕಠಿಣವಾದ ಪ್ರಶ್ನೆಯೊಡ್ಡಿತು: ತರಬೇತಾದ ಸಾಮಾನ್ಯ ಆಪ್ತಸಲಹೆಗಾರರು ನಡೆಸಿದ ಕಡೆ ಶಾಲೆಯ ವಾತಾವರಣ ಸುಧಾರಿಸಿ ಖಿನ್ನತೆಯ ಲಕ್ಷಣಗಳು ಇಳಿದವು, ಶಿಕ್ಷಕರೇ ನಡೆಸಿದ ಕಡೆ ಪರಿಣಾಮ ಕಾಣಲಿಲ್ಲ. ಪಾಠ, ಪರೀಕ್ಷೆ, ಗಣತಿ, ಚುನಾವಣೆಯ ಹೊರೆ ಹೊತ್ತ ಶಿಕ್ಷಕರ ಮೇಲೆ ಇನ್ನೊಂದು ಹೊಣೆ ಹೇರುವವರು ಈ ಫಲಿತಾಂಶವನ್ನು ಬದಿಗೆ ಸರಿಸುವಂತಿಲ್ಲ.

ಚಿಕಿತ್ಸೆಯ ಕಡೆಯ ಸಾಕ್ಷ್ಯವೂ ಮಗುವಿನಿಂದ ಆರಂಭವಾಗಿ ಮನೆಯತ್ತ ಹೊರಳಿದೆ. ಬೇಸರದ ಹಿಂದಿರುವ ಆಲೋಚನೆಗಳನ್ನು ಪರೀಕ್ಷಿಸಲು ಕಲಿಸುವ, ಸಿಬಿಟಿ ಎಂದೇ ಪರಿಚಿತವಾದ ಚಿಕಿತ್ಸೆಯು ಔಷಧದ ಜೊತೆ ಸೇರಿದಾಗ ಹೆಚ್ಚು ಫಲಕಾರಿ ಎಂದು 439 ಹದಿಹರೆಯದವರ ಮೇಲೆ ನಡೆದು 2004ರಲ್ಲಿ ವರದಿಯಾದ ಅಮೆರಿಕದ ಪ್ರಯೋಗ ತೋರಿಸಿತು. ತಮಗೆ ತಾವೇ ಗಾಯ ಮಾಡಿಕೊಳ್ಳುವವರಿಗಾಗಿ ಮಾರ್ಶಾ ಲೈನಹನ್ ರೂಪಿಸಿದ ಡಿಬಿಟಿ ಚಿಕಿತ್ಸೆಯನ್ನು ಈ ವಯಸ್ಸಿಗೆ ಒಗ್ಗಿಸಿದಾಗ ಪೋಷಕರೂ ಅದೇ ತರಗತಿಯಲ್ಲಿ ಕುಳಿತು ಅವೇ ಕೌಶಲಗಳನ್ನು ಕಲಿಯುವ ಏರ್ಪಾಡಾಯಿತು. ಆತ್ಮಹತ್ಯೆಯ ಯೋಚನೆಯಿರುವ ಮಗುವಿನ ವಿಷಯದಲ್ಲಿ ಚಿಕಿತ್ಸಕರು ಮೊದಲು ಮಾತನಾಡುವುದೂ ಮನೆಯವರೊಡನೆಯೇ: ಕೀಟನಾಶಕದ ಡಬ್ಬಿಯನ್ನೂ ಅಜ್ಜಿಯ ಮಾತ್ರೆಗಳನ್ನೂ ಬೀಗದಲ್ಲಿಡಬೇಕು, ಬೀಗದ ಕೈ ಯಾರ ಬಳಿ ಇರಬೇಕೆಂಬುದು ಅಂದೇ ತೀರ್ಮಾನವಾಗಬೇಕು, ಮಗುವನ್ನು ಒಂಟಿಯಾಗಿ ಬಿಡಬಾರದು.

ಸೌಲಭ್ಯಗಳು ಬೆಳೆಯುತ್ತಿವೆ ಎಂಬುದು ನಿಜ. ರಾಜ್ಯದ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ದೊರೆಯುತ್ತದೆ. ಆದರೆ ಕೊರತೆಗಳು ಉಳಿದೇ ಇವೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಮುನ್ನಡೆಸಿದ್ದು ನಿಮ್ಹಾನ್ಸ್ ಆದರೂ ಅದು ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ದೇಶದಲ್ಲಿ 2022ರಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ. ಒತ್ತಡ ಮುಗಿಲು ಮುಟ್ಟುವ ಪಿಯುಸಿಯ ಎರಡು ವರ್ಷಗಳು ಮಾತ್ರ ಹತ್ತನೆಯ ತರಗತಿಗೆ ನಿಲ್ಲುವ ಜೀವನ ಕೌಶಲ ಪಠ್ಯದ ಆಚೆಗೇ ಉಳಿದಿವೆ. ನೀಟ್, ಸಿಇಟಿ ತಯಾರಿಗೆಂದು ಹಾಸ್ಟೆಲು ಸೇರಿದ ಹದಿನಾರರ ಹುಡುಗಿಗೆ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ನಿರ್ಧಾರಗಳಲ್ಲಿ ಅವಳ ಪರವಾಗಿ ನಿಲ್ಲುವವರು, ಹೆತ್ತವರೇ. ಅವಳನ್ನು ದಿನವೂ ನೋಡುವವರು ವಾರ್ಡನ್. ಇನ್ನು ಪೋಷಕರ ತರಬೇತಿಯ ಸಂಶೋಧನೆಯಲ್ಲಿ ಪೋಷಕರೆಂದರೆ ಬಹುಪಾಲು ತಾಯಂದಿರು. ಅಂಕಪಟ್ಟಿಗೆ ಸಹಿ ಹಾಕುವ ತಂದೆ ಚಿಕಿತ್ಸಾ ಕೊಠಡಿಯ ಹೊರಗೇ ಉಳಿಯುತ್ತಾರೆ. ಆದ್ದರಿಂದ ಮುಂದಿನ ಯಾವುದೇ ಕಾರ್ಯಕ್ರಮ ಮಕ್ಕಳ ಅಂಕಿಗಳನ್ನಷ್ಟೇ ಅಳೆದು ತೃಪ್ತಿಪಟ್ಟರೆ ಸಾಲದು. ತಂದೆ ಎಷ್ಟು ಬಾರಿ ಬಂದು ಕುಳಿತರು, ವಾರ್ಡನ್‌ಗೆ ಏನು ಕಲಿಸಲಾಯಿತು, ಮನೆಯ ಮಾತುಕತೆಯಲ್ಲಿ ಏನು ಬದಲಾಯಿತು ಎಂಬುದಕ್ಕೂ ಅದು ಲೆಕ್ಕ ಕೊಡಬೇಕು.