ಮೊರದಲ್ಲಿ ಮಲಗಿಸಿದ ಕೂಸಿನ ತೂಕ

ಕುದೂರಿನ ನಮ್ಮ ದೊಡ್ಡಮ್ಮನ ಮನೆಯಲ್ಲಿ ಗೋಡೆಯ ಗೂಟಕ್ಕೆ ಒಂದು ಬಟ್ಟೆ ಚೀಲ ತೂಗುತ್ತಿರುತ್ತದೆ. ಅದರ ತುಂಬ ಶುಗರ್ ರಿಪೋರ್ಟುಗಳು. ಖಾಲಿ ಹೊಟ್ಟೆಯದು, ತಿಂಡಿಯಾಗಿ ಎರಡು ಗಂಟೆಗೆ ತೆಗೆದದ್ದು, ಮೂರು ತಿಂಗಳ ಸರಾಸರಿಯದು. ಒಂದು ಭಾನುವಾರ ಎಲ್ಲವನ್ನೂ ಚಾಪೆಯ ಮೇಲೆ ಹರಡಿ ತಾರೀಖಿನಂತೆ ಜೋಡಿಸಿದೆ. ಎಲ್ಲಕ್ಕಿಂತ ಹಳೆಯ ಚೀಟಿಯಲ್ಲೇ ಖಾಲಿ ಹೊಟ್ಟೆಯ ಸಕ್ಕರೆ 212. ಅದರ ಹಿಂದಿನ ಒಂದು ತುಂಡು ಕಾಗದವೂ ಇಲ್ಲ. ಕಾಯಿಲೆ ಗೊತ್ತಾಗುವ ಮುಂಚೆ ಆ ರಕ್ತದಲ್ಲಿ ಏನು ನಡೆದಿತ್ತು? ಈ ಪ್ರಶ್ನೆ ಹಿಡಿದು ಹಳೆಯ ಪ್ರಬಂಧಗಳ ಬೆನ್ನುಬಿದ್ದೆ.

ಮೊದಲು ಸಿಕ್ಕಿದ್ದು 2011ರ 'ನೇಚರ್ ಮೆಡಿಸಿನ್' ಪತ್ರಿಕೆಯ ಲೇಖನ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದಲೂ ಜನರ ಆರೋಗ್ಯದ ದಾಖಲೆ ಇಡುತ್ತ ಬಂದಿದ್ದಾರೆ. ಸಕ್ಕರೆ ಸರಿಯಾಗಿಯೇ ಇದ್ದ 2,422 ಮಂದಿಯಲ್ಲಿ 201 ಮಂದಿಗೆ ಮುಂದಿನ 12 ವರ್ಷಗಳಲ್ಲಿ ಮಧುಮೇಹ ಬಂತು. ಥಾಮಸ್ ವಾಂಗ್ ಮತ್ತು ಸಂಗಡಿಗರು ಅವರ ಹಳೆಯ ರಕ್ತದ ಮಾದರಿ ಹೊರತೆಗೆದು, ವಯಸ್ಸು, ಮೈತೂಕ, ಸಕ್ಕರೆಯಲ್ಲಿ ಅವರಂತೆಯೇ ಇದ್ದೂ ಕಾಯಿಲೆ ಬಾರದವರ ರಕ್ತದ ಜೊತೆ ಹೋಲಿಸಿದರು. ಐದು ಅಮೈನೊ ಆಮ್ಲಗಳು ಆಗಲೇ ಏರಿದ್ದವು: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಟೈರೊಸಿನ್, ಫಿನೈಲ್‌ಅಲನಿನ್. ಇವುಗಳಲ್ಲಿ ಮೂರನ್ನು ಕೂಡಿಸಿ ನೋಡಿದಾಗ, ಮಟ್ಟ ಅತಿ ಹೆಚ್ಚಿದ್ದ ಕಾಲು ಭಾಗದವರಿಗೆ ಅಪಾಯ ಐದು ಪಟ್ಟು ದಾಟಿತ್ತು. ಸಕ್ಕರೆ ಸುಮ್ಮನಿದ್ದಾಗಲೇ ರಕ್ತ ಸುಳಿವು ಕೊಟ್ಟಿತ್ತು!

ಆ ಲೇಖನದ ಜಾಡು ಹಿಡಿದು ಹೋದರೆ 1969. ಬೊಜ್ಜಿನವರ ರಕ್ತದಲ್ಲಿ ಇನ್ಸುಲಿನ್ ಜೊತೆಗೆ ಇವೇ ಆಮ್ಲಗಳು ಏರಿರುತ್ತವೆ, ತೂಕ ಇಳಿದಾಗ ಇಳಿಯುತ್ತವೆ ಎಂದು ಫೆಲಿಗ್, ಮಾರ್ಲಿಸ್, ಕಾಹಿಲ್ ಆಗಲೇ ಬರೆದಿದ್ದರು. ಇನ್ಸುಲಿನ್ ಮಾತನ್ನು ಮೈ ಕೇಳದಾದಾಗ ಈ ಆಮ್ಲಗಳನ್ನು ಒಡೆದು ಉರಿಸುವ ಕೆಲಸವೂ ನಿಧಾನವಾಗುತ್ತದೆ, ಅವು ರಕ್ತದಲ್ಲೇ ಉಳಿಯುತ್ತವೆ. ಹಾಗೆಂದು, ಈ ಆಮ್ಲಗಳಿರುವ ಅವರೆಕಾಳು ಸಾರು ಬಿಡಿ ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಲ್ಯೂಸಿನ್ ಮೈಗೆ ಬೇಕೇಬೇಕು. ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 14 ಮಿಲಿಗ್ರಾಂ ಸಾಕು ಎಂದಿದ್ದ 1985ರ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ 39ಕ್ಕೆ ಏರಿಸಿತು. ಆ ಬದಲಾವಣೆಯ ಹಿಂದೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ತಂಡದ ಪ್ರಯೋಗಗಳೂ ಇದ್ದವು. ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಇನ್ನೊಂದು ಅಮೈನೊ ಆಮ್ಲವೂ ಮುದ್ದೆಯ ಜೊತೆಗಿನ ಕಾಳಿನಿಂದ ಸಿಗುತ್ತದೆ.

ಆದರೆ ಫ್ರಾಮಿಂಗ್‌ಹ್ಯಾಮ್ ದೂರದ ಊರು. ನಮ್ಮ ಕಡೆ ಹಿಂದಿನ ಲೆಕ್ಕ ಇಟ್ಟವರು ಯಾರು? ಹುಡುಕಾಟ ಮೈಸೂರಿನ ಮಂಡಿ ಮೊಹಲ್ಲಾಕ್ಕೆ ತಂದು ನಿಲ್ಲಿಸಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಹೆರಿಗೆ ಮಾಡಿಸಿ ದಣಿದ ಕೈಗಳು ಅಳತೆ ಪಟ್ಟಿ ಹಿಡಿದು, ಅಂಕಿ ಬರೆದು, ಪುಸ್ತಕ ಮುಚ್ಚಿದ್ದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಆರು ದಶಕ ಕಳೆದ ಮೇಲೆ ಕ್ಯಾರೊಲಿನ್ ಫಾಲ್, ಕುಮಾರನ್ ಮೊದಲಾದವರ ತಂಡ ಆಸ್ಪತ್ರೆಯ ಸುತ್ತಲಿನ ಮನೆಮನೆ ವಿಚಾರಿಸಿ, ಆ ಕೂಸುಗಳನ್ನು ನಡುವಯಸ್ಸಿನವರಾಗಿ ಪತ್ತೆಹಚ್ಚಿತು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟಿಸಿದರು. ಮಧುಮೇಹದ ಕತೆ ಬೇರೆಯೇ ಆಗಿತ್ತು. 506 ಮಂದಿಯ ಮೇಲಿನ 1998ರ ಅಧ್ಯಯನದಲ್ಲಿ, ಹುಟ್ಟುವಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಿಗೆ, ತಾಯಿಯ ತೂಕ ಹೆಚ್ಚಿದ್ದವರಿಗೆ ಕಾಯಿಲೆ ಹೆಚ್ಚು ಕಂಡಿತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನ ದಾಖಲೆ ಹೇಳಿದ್ದಕ್ಕೆ ಇದು ತಿರುಗಾಮುರುಗಾ. ಅಲ್ಲಿ ಮಧುಮೇಹ ಹೆಚ್ಚಿದ್ದದ್ದು ಕಡಿಮೆ ತೂಕದ ಕೂಸುಗಳಾಗಿ ಹುಟ್ಟಿದವರಿಗೆ.

ಹಾಗಾದರೆ ತಾಯಂದಿರ ರಕ್ತ? ಅದೇ ಆಸ್ಪತ್ರೆಗೆ 1997–98ರಲ್ಲಿ ಬಂದ ಗರ್ಭಿಣಿಯರ ಕಾಪಿಟ್ಟ ರಕ್ತವನ್ನು ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಪರೀಕ್ಷಿಸಿ 2009ರಲ್ಲಿ ಬರೆದರು: 785 ಮಂದಿಯಲ್ಲಿ ಶೇ. 43ರಷ್ಟು ತಾಯಂದಿರಿಗೆ ವಿಟಮಿನ್ ಬಿ12 ಕೊರತೆ. ಗರ್ಭಕಾಲದ ಸಕ್ಕರೆ ಕಾಯಿಲೆ ಇವರಲ್ಲಿ ಹೆಚ್ಚಿತ್ತು, ಮೈತೂಕವೂ ಹೆಚ್ಚಿತ್ತು. ಐಸೊಲ್ಯೂಸಿನ್, ವ್ಯಾಲಿನ್ ಪೂರ್ತಿ ಒಡೆಯುವ ದಾರಿಯ ಒಂದು ಮೆಟ್ಟಿಲಿಗೆ ಬಿ12 ಬೇಕು. ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲ ತಿರುಗಿ ಮಿಥಿಯೊನಿನ್ ಆಗುವುದಕ್ಕೂ ಬೇಕು. ಮುದ್ದೆ, ಸೊಪ್ಪಿನ ಸಾರಿನಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಬಾಡಿನಲ್ಲಿದೆ. ನನ್ನ ಹುಡುಕಾಟದ ಎರಡು ಜಾಡು, ಅಮೈನೊ ಆಮ್ಲದ್ದು ಮತ್ತು ಮೈಸೂರಿನ ಆಸ್ಪತ್ರೆಯದು, ಇಲ್ಲಿ ಕೂಡಿದವು.

ಮುಂದಿನ ಸಲ ಕುದೂರಿಗೆ ಹೋದಾಗ ಕೇಳಿದೆ: "ದೊಡ್ಡಮ್ಮ, ನೀನು ಹುಟ್ಟಿದಾಗ ಎಷ್ಟು ತೂಕ ಇದ್ದೆ ಅಂತ ಯಾರಾದ್ರೂ ಹೇಳಿದ್ರಾ?"

"ಆಗ ಯಾರಪ್ಪ ತೂಗೋರು? ಸೂಲಗಿತ್ತಿ ಎತ್ತಿ ಮೊರದಲ್ಲಿ ಮಲಗಿಸೋಳು. ಕೈಗೆ ಭಾರ ಅನ್ನಿಸಿದ್ರೆ ಗಟ್ಟಿ ಕೂಸು ಅನ್ನೋರು, ಅಷ್ಟೇ ಕಣಪ್ಪ."

ಒಳಕೋಣೆಯಲ್ಲಿ ಅವಳ ಮೊಮ್ಮಗಳು ಎರಡು ತಿಂಗಳ ಕೂಸನ್ನು ತೊಟ್ಟಿಲಲ್ಲಿ ತೂಗುತ್ತಿದ್ದಳು. ಅವಳ ತಾಯಿ ಕಾರ್ಡ್ ಕೇಳಿ ಇಸಿದುಕೊಂಡೆ. ಮೂಲೆ ಮಡಿಚಿದ್ದ ಪುಟದಲ್ಲಿ ನೀಲಿ ಶಾಯಿಯಲ್ಲಿ 2.6 ಕೆ.ಜಿ. ಎಂದಿತ್ತು. ಪೇಟೆಯ ಅಂಗಡಿಯಲ್ಲಿ ಅದರ ಜೆರಾಕ್ಸ್ ತೆಗೆಸಿ ತಂದು, ಗೂಟದ ಚೀಲದಲ್ಲಿ ಎಲ್ಲ ಚೀಟಿಗಳ ಕೆಳಗೆ ಇಟ್ಟೆ.