ಮುಟ್ಟಾಳೆಗೆ ಅಚ್ಚು ಯಾಕಿಲ್ಲ?



ಈಗಷ್ಟೇ ನೀವು ನನ್ನ ತಲೆಗೆ ಮೈಸೂರು ಪೇಟ ತೊಡಿಸಿದಿರಿ. ಧನ್ಯವಾದಗಳು. ಅದು ಸ್ವಲ್ಪ ಬಿಗಿಯಾಗಿರುವುದನ್ನು ಮುಂದಿನ ಸಾಲಿನವರು ಗಮನಿಸಿರಬಹುದು. ಹಿಂದೆ ಪೇಟವನ್ನು ಆಯಾ ತಲೆಗೇ ಸುತ್ತುತ್ತಿದ್ದರು. ಈಗ ಹೊಲಿದು ಸಿದ್ಧವಾದದ್ದು ಪೆಟ್ಟಿಗೆಯಲ್ಲಿ ವಿಮಾನ ಹತ್ತಿ ಬರುತ್ತದೆ. ಸುತ್ತುವ ಕೈ ಹೋಯಿತು, ಅಳತೆ ಬಂತು. ಆ ಅಳತೆ ನನ್ನ ತಲೆಯದಲ್ಲ, ಅಷ್ಟೇ.

ಟೋಪಿಯ ಬಗ್ಗೆ ಮಾತಾಡಲು ಬಂದವನನ್ನು ಕನ್ನಡಿಗರು ಅನುಮಾನದಿಂದಲೇ ನೋಡಬೇಕು. ನಮ್ಮಲ್ಲಿ ಟೋಪಿ ಹಾಕುವುದೆಂದರೆ ಏನೆಂದು ಎಲ್ಲರಿಗೂ ಗೊತ್ತು. ನಾನು ಹಾಕುವವನಲ್ಲ, ಹಾಕಿಸಿಕೊಂಡವನು. ಹನ್ನೊಂದು ವರ್ಷಗಳ ಹಿಂದೆ ಒಂದು ಭಾನುವಾರ, ಹಳೆ ಸಾಮಾನಿನ ಸಂತೆಯೊಂದರಲ್ಲಿ ತಲೆಯಾಕಾರದ ಮರದ ಗಟ್ಟಿಯೊಂದನ್ನು ಕಂಡೆ. ಕೆಳಗೊಂದು ತೂತು, ಮೈತುಂಬ ಮೊಳೆಯ ಗುರುತು. ತೆಂಗಿನಕಾಯಿ ಸುಲಿಯುವ ಯಾವುದೋ ಸಾಧನವೆಂದು ಭಾವಿಸಿ ಕೊಂಡೆ! ಅದು ಟೋಪಿಯ ಅಚ್ಚು ಎಂದು ಮಾರಿದಾತ ಹೇಳಿದ; ಲೂಟನ್ನಿನಿಂದ ಬಂದದ್ದಂತೆ. ಅಂದಿನಿಂದ ಹಿಡಿದ ಹುಚ್ಚು. ಈಗ ಎಜ್‌ವೇರ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ.

ಈ ಹುಚ್ಚು ಇಲ್ಲಿಗೆ ಹೊರಗಿನದೇನಲ್ಲ. ನಾವು ಪ್ರತಿದಿನ ಬಸ್ಸು ಕಾಯುವ ಎಜ್‌ವೇರ್‌ನ ಹೈ ಸ್ಟ್ರೀಟ್ ಎಂದರೆ ರೋಮನ್ನರ ವಾಟ್ಲಿಂಗ್ ಸ್ಟ್ರೀಟ್. ಇದೇ ದಾರಿಯಲ್ಲಿ ಉತ್ತರಕ್ಕೆ ಹೋದರೆ ಸೇಂಟ್ ಆಲ್ಬನ್ಸ್ ದಾಟಿ ಸುಮಾರು 25 ಮೈಲಿಗೆ ಡನ್‌ಸ್ಟೇಬಲ್. ಅದರ ಪಕ್ಕದಲ್ಲೇ ಲೂಟನ್. ಗೋಧಿ ಹುಲ್ಲಿನ ದಂಟನ್ನು ಜಡೆಯಂತೆ ಹೆಣೆದು, ಆ ಜಡೆಯನ್ನು ಸುರುಳಿಯಾಗಿ ಹೊಲಿದು ಟೋಪಿ ಮಾಡುವ ಕಸುಬು ಈ ಸೀಮೆಯಲ್ಲಿ 17ನೇ ಶತಮಾನದಿಂದಲೇ ಇತ್ತು. 1667ರಲ್ಲಿ ಹ್ಯಾಟ್‌ಫೀಲ್ಡ್‌ಗೆ ಹೋಗಿದ್ದ ಸ್ಯಾಮ್ಯುಯೆಲ್ ಪೀಪ್ಸ್, ಜೊತೆಗಿದ್ದ ಹೆಂಗಸರು ಅಲ್ಲಿನ ಹುಲ್ಲಿನ ಟೋಪಿಗಳನ್ನು ಹಾಕಿ ನೋಡಿ ಸಂತೋಷಪಟ್ಟರೆಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಡನ್‌ಸ್ಟೇಬಲ್ ಕುದುರೆಗಾಡಿಗಳು ತಂಗುವ ಊರಾಗಿದ್ದರಿಂದ ಪ್ರಯಾಣಿಕರೇ ಗಿರಾಕಿಗಳು. ಲೂಟನ್ನಿನ ಫುಟ್‌ಬಾಲ್ ತಂಡಕ್ಕೆ ಇಂದಿಗೂ 'ಹ್ಯಾಟರ್ಸ್' ಎಂದೇ ಅಡ್ಡಹೆಸರು.

ನನ್ನ ಸಂಗ್ರಹದಲ್ಲಿ ನನಗೆ ಅತಿ ಪ್ರಿಯವಾದದ್ದು ಬೆರಳುದ್ದದ ಒಂದು ಸಾಧನ, ಹುಲ್ಲು ಸೀಳುವ ಉಳಿ. ನಡುವೆ ಒಂದು ಮೊನೆ, ಅದರ ಸುತ್ತ ಚಕ್ರದ ಅರಗಳಂತೆ ಪುಟ್ಟ ಅಲಗುಗಳು. ದಂಟಿನ ಟೊಳ್ಳನ್ನು ಮೊನೆಗೆ ಸಿಕ್ಕಿಸಿ ತಳ್ಳಿದರೆ ಅಷ್ಟೂ ಸೀಳುಗಳು ಸಮನಾಗಿ ಆಚೆ ಬರುತ್ತವೆ. ಇದು ಬಳಕೆಗೆ ಬಂದದ್ದು 19ನೇ ಶತಮಾನದ ಆರಂಭದ ಹೊತ್ತಿಗೆ, ನೆಪೋಲಿಯನ್ ಯುದ್ಧಗಳ ಕಾಲದಲ್ಲಿ. ಇಲ್ಲಿ ಸೆರೆಯಲ್ಲಿದ್ದ ಫ್ರೆಂಚ್ ಕೈದಿಗಳು ಎಲುಬಿನಿಂದ ಮೊದಲು ಮಾಡಿದರೆಂದು ಹೇಳಿಕೆ. ಅದಕ್ಕೂ ಮೊದಲು ಇಡೀ ದಂಟನ್ನೇ ಹೆಣೆಯುತ್ತಿದ್ದರು, ಟೋಪಿ ಒರಟು. ಇಷ್ಟು ಸಣ್ಣ ಉಳಿಯಿಂದ ನಾಜೂಕಾದ ಜಡೆ ಸಾಧ್ಯವಾಯಿತು, ಹಳ್ಳಿ ಹಳ್ಳಿಗಳಿಗೆ ಕೆಲಸ ಬಂತು. ಕೆಲಸದ ಜೊತೆ ಹೆಣಿಗೆಯ 'ಶಾಲೆ'ಗಳೂ ಬಂದವು. ಹೆಸರಿಗೆ ಶಾಲೆ, ನಾಲ್ಕೈದು ವರ್ಷದ ಮಕ್ಕಳು ಒತ್ತೊತ್ತಾಗಿ ಕುಳಿತು, ಸೀಳುಗಳನ್ನು ಬಾಯಲ್ಲಿ ಕಚ್ಚಿ ಒದ್ದೆ ಮಾಡುತ್ತ, ತುಟಿ ಹುಣ್ಣಾದರೂ ಹೆಣೆಯಬೇಕಿತ್ತು. 1870ರ ನಂತರ ಚೀನಾ, ಜಪಾನುಗಳಿಂದ ಅಗ್ಗದ ಜಡೆ ಬಂದು ಈ ಹಳ್ಳಿ ಕಸುಬು ಕುಸಿಯಿತು. ಲೂಟನ್ನಿನ ವಾರ್ಡೌನ್ ಹೌಸ್ ಸಂಗ್ರಹಾಲಯಕ್ಕೆ ಹೋದರೆ ಈ ಸಾಧನಗಳನ್ನು ಗಾಜಿನ ಹಿಂದೆ ನೋಡಬಹುದು. ಮಿಲ್ ಹಿಲ್ ಬ್ರಾಡ್‌ವೇಯಿಂದ ನೇರ ರೈಲಿದೆ.

ಇಂಗ್ಲಿಷರಿಗೆ ಟೋಪಿಯ ಪ್ರತಿ ಹೆಜ್ಜೆಗೂ ಒಂದೊಂದು ಸಾಧನ. ಉಣ್ಣೆ ಟೋಪಿಯ ಅಂಚು ಬಗ್ಗಿಸಲು ಒಂದು, ಅಂಚು ಕತ್ತರಿಸಲು ಇನ್ನೊಂದು. ತಲೆಯ ಆಕಾರ ಅಳೆಯಲು 1843ರಲ್ಲಿ ಪ್ಯಾರಿಸಿನಲ್ಲಿ ಒಂದು ಯಂತ್ರವನ್ನೇ ಕಂಡುಹಿಡಿದರು. ಟೈಪ್‌ರೈಟರನ್ನು ಕಿರೀಟದಂತೆ ಹೊತ್ತ ಹಾಗೆ ಕಾಣುತ್ತದೆ, ತಲೆಯ ಸುತ್ತಳತೆಯ ಚಿತ್ರವನ್ನು ಪುಟ್ಟ ಕಾಗದದ ಮೇಲೆ ಚುಚ್ಚಿ ಕೊಡುತ್ತದೆ. ಅಂಥದ್ದೊಂದು ಕೊಳ್ಳುವಷ್ಟು ದುಡ್ಡು ನನ್ನಲ್ಲಿಲ್ಲ. ಮನೆಯವಳು ಇದಕ್ಕಾಗಿ ದೇವರಿಗೆ ಕೈಮುಗಿಯುತ್ತಾಳೆ.

ಇಷ್ಟೆಲ್ಲ ಕೂಡಿಟ್ಟ ಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ನಮ್ಮೂರ ಟೋಪಿಯ ಸಾಧನ ಎಲ್ಲಿ?

ನಾನು ಪುತ್ತೂರಿನ ಕಡೆಯವನು. ನಮ್ಮ ಟೋಪಿ ಎಂದರೆ ಮುಟ್ಟಾಳೆ, ಅಡಿಕೆ ಹಾಳೆಯದು. ಮುಂದೆ ಬೆಂಗಳೂರಿಗೆ ಓದಲು ಹೋದಾಗ ಆ ಮಾತನ್ನು ಆಡಿ ಪೇಚಿಗೆ ಸಿಲುಕಿದ್ದೆ; ಅಲ್ಲಿ ಮುಟ್ಟಾಳ ಎಂದರೆ ದಡ್ಡ. ಘಟ್ಟದ ಮೇಲಿನವರಿಗೆ ಹಾಳೆಟೊಪ್ಪಿ ಎಂದರೆ ಅರ್ಥವಾದೀತು, ಗಡಿಯಾಚೆ ಮಲಯಾಳದಲ್ಲಿ ಪಾಳತೊಪ್ಪಿ. ಮಳೆಗೆ, ಬಿಸಿಲಿಗೆ, ತಲೆಹೊರೆಯ ಅಡಿಗೆ, ಔಷಧಿ ಬಿಡುವಾಗ ಮೈಲುತುತ್ತಿನ ನೀರು ತಲೆಗೆ ಇಳಿಯದಂತೆ, ಎಲ್ಲಕ್ಕೂ ಅದೇ.

ನಾನು ಇಂಗ್ಲಿಷರ ಶಿಷ್ಯನಲ್ಲವೇ, ಮೊದಲು ಅಚ್ಚು ಮಾಡಬೇಕೆಂದುಕೊಂಡೆ. ಹಳೆಯ ಫೋಟೋಗಳನ್ನು ನೋಡಿ ಒಂದು ಚಳಿಗಾಲವಿಡೀ ಗ್ಯಾರೇಜಿನಲ್ಲಿ ಕುಳಿತು ಮರ ಕೆತ್ತಿದೆ. ಚೆನ್ನಾಗಿಯೇ ಬಂತು. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಊರಿಗೆ ಹೋದೆ.

ನಮ್ಮ ತೋಟದಲ್ಲಿ ದುಡಿಯುತ್ತಿದ್ದ ಒಬ್ಬ ಹಿರಿಯರು ನನ್ನ ಬಾಲ್ಯದಲ್ಲಿ ಮುಟ್ಟಾಳೆ ಮಾಡುತ್ತಿದ್ದರು. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಮಗಳು ಅಂಗಳದಲ್ಲಿ ಕುಳಿತು ನನ್ನ ಅಚ್ಚನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾರ ತಲೆ ಎಂದು ಕೇಳಿದರು. ನೆನೆಸಿದ ಹಾಳೆಯನ್ನು ನಾನು ಅದರ ಮೇಲೆ ಎಳೆದೆ. ಹಾಳೆ ಪರ್‌ರ್ ಎಂದು ಉದ್ದಕ್ಕೆ ಸೀಳಿತು. ಇನ್ನೊಂದು ಎಳೆದೆ, ಅದೂ ಸೀಳಿತು. ಅವರು ನಕ್ಕದ್ದು ಆಚೆ ಮನೆಗೂ ಕೇಳಿಸಿರಬೇಕು.

ಕಾರಣ ಆಮೇಲೆ ತಲೆಗೆ ಹೊಳೆಯಿತು. ಉಣ್ಣೆ ಟೋಪಿಯಲ್ಲಿ ಎಳೆಗಳು ದಿಕ್ಕುದೆಸೆಯಿಲ್ಲದೆ ಹೆಣೆದುಕೊಂಡಿರುತ್ತವೆ. ಹಬೆ ಕೊಟ್ಟರೆ ಎಲ್ಲ ಕಡೆಗೂ ಹಿಗ್ಗಿ ಅಚ್ಚಿನ ಮೇಲೆ ಕೂರುತ್ತದೆ. ಹಾಳೆಯ ನಾರುಗಳು ಒಂದೇ ದಿಕ್ಕಿಗೆ ಉದ್ದಕ್ಕೆ ಓಡುತ್ತವೆ. ಅದು ಹಿಗ್ಗುವುದಿಲ್ಲ, ಮಡಚುತ್ತದೆ. ಹಾಳೆತಟ್ಟೆಯನ್ನು ಅಚ್ಚಿನಲ್ಲೇ ಒತ್ತುತ್ತಾರಲ್ಲ ಎಂದು ನೀವು ಕೇಳಬಹುದು. ಅದು ಬಿಸಿ ಅಚ್ಚು, ಭಾರೀ ಒತ್ತಡ. ಮೇಲಾಗಿ ತಟ್ಟೆಗೆ ಆಳವಿಲ್ಲ. ತಲೆಗೆ ಆಳವಿದೆ, ಕೆಲವರದ್ದಕ್ಕಾದರೂ.

ಆಕೆ ಮಾಡಿ ತೋರಿಸಿದರು. ಒಳಗಿನ ತೆಳು ಪೊರೆ ಸುಲಿದು, ಕತ್ತಿಯಿಂದ ಅಂಚು ಸವರಿ, ಒದ್ದೆ ಹಾಳೆಯನ್ನು ನನ್ನ ತಲೆಗೇ ಒತ್ತಿ ಅಳತೆ ಹಿಡಿದು, ಎರಡೂ ತುದಿಗಳನ್ನು ನೆರಿಗೆ ಕೂಡಿಸಿ ದಬ್ಬಣದಿಂದ ಹೊಲಿದರು. ಅಪ್ಪ ಮಾಡಿದ್ದು ಇನ್ನೂ ಚಂದ ಇರುತ್ತಿತ್ತು ಎಂದರು. ಅಚ್ಚು ಯಾಕಿಲ್ಲ ಎಂದರೆ ಹಾಕುವವನ ತಲೆಯೇ ಅಚ್ಚು.

ನಾನು ಆ ಕತ್ತಿಯನ್ನು ಕೇಳಿದೆ. ಅಪ್ಪನ ಕಾಲದ್ದು, ಹಿಡಿ ಸವೆದು ನುಣುಪಾಗಿತ್ತು. ಬದಲಿಗೆ ಹೊಸ ಕತ್ತಿ, ಮೇಲೆ ದುಡ್ಡು ಕೊಡುತ್ತೇನೆಂದೆ. ಆಕೆ ಕೊಡಲಿಲ್ಲ. ನಾಳೆ ಮಡಲು ಕಡಿಯಬೇಕು, ಮೀನು ಕೊಯ್ಯಬೇಕು ಎಂದರು. ಅದು ಟೋಪಿಯ ಸಾಧನವೇ ಅಲ್ಲ, ಮನೆಯ ಕತ್ತಿ. ಅದಕ್ಕೇ ಯಾವ ಗಾಜಿನ ಪೆಟ್ಟಿಗೆಗೂ ಅದು ಹೋಗಿಲ್ಲ.

ಇನ್ನೊಂದು ಮಾತನ್ನು ನಾನು ಹೇಳಲೇಬೇಕು, ಹೇಳಲು ಅಷ್ಟು ಸುಲಭವಲ್ಲ. ನಮ್ಮದು ಗೇಣಿ ಪಡೆಯುತ್ತಿದ್ದ ಮನೆ. ನನ್ನ ಅಜ್ಜ ಮುಂಡಾಸು ಸುತ್ತುತ್ತಿದ್ದರು; ಮುಟ್ಟಾಳೆ ಹಾಕುತ್ತಿದ್ದವರು ಕೆಲಸದವರು. ಆ ಹಿರಿಯರು ನಮ್ಮ ಅಂಗಳಕ್ಕೆ ಬಂದಾಗ ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಲ್ಲುತ್ತಿದ್ದರು. 1974ರಲ್ಲಿ ಭೂಸುಧಾರಣೆ ಜಾರಿಗೆ ಬಂದಾಗ ನನಗೆ 12 ವರ್ಷ. ನಮ್ಮ ಮನೆಯಲ್ಲಿ ಆಗ ಸಾವಿನ ಮನೆಯ ಮೌನ. ಕೆಲವು ವರ್ಷಗಳಲ್ಲಿ ಅವರು ಉಳುತ್ತಿದ್ದ ಗದ್ದೆ ಅವರ ಹೆಸರಿಗಾಯಿತು. ಅದಾದ ಮೇಲೆ ಅವರು ಪೇಟೆಗೆ ಹೋಗುವಾಗ ತಲೆಗೆ ಬಿಳಿ ಬೈರಾಸು ಸುತ್ತಿಕೊಳ್ಳುತ್ತಿದ್ದರು. ನಮ್ಮ ಅಂಗಳದಲ್ಲೂ ಅದನ್ನು ತೆಗೆಯಲಿಲ್ಲ.

ಮುಟ್ಟಾಳೆ ಮರೆಯಾಯಿತೆಂದು ಲಂಡನ್ನಿನಲ್ಲಿ ಕುಳಿತು ನಾನು ಮರುಗುತ್ತಿದ್ದೆ. ಅದನ್ನು ಕಳಚಿಟ್ಟದ್ದು ಅವರ ಪಾಲಿಗೆ ಗೆಲುವಾಗಿತ್ತು. ಹೆಣಿಗೆ ಶಾಲೆಯ ಆ ಇಂಗ್ಲಿಷ್ ಮಕ್ಕಳೂ ತಮ್ಮ ಉಳಿ ಕಳೆದುಹೋಯಿತೆಂದು ಅತ್ತಿರಲಾರರು. ಇತ್ತೀಚೆಗೆ ತುಳು ಸಮಾರಂಭಗಳಲ್ಲಿ ಅತಿಥಿಗಳ ತಲೆಗೆ ಮುಟ್ಟಾಳೆ ಇಟ್ಟು ಗೌರವಿಸುತ್ತಾರೆ. ಒಳ್ಳೆಯದೇ. ಆದರೆ ಸಂಸ್ಕೃತಿ ಉಳಿಸಬೇಕೆಂದು ಈ ವೇದಿಕೆಯಿಂದ ನಾವು ಹೇಳುವಾಗಲೆಲ್ಲ ನನಗೆ ಆ ಕಂಕುಳು ನೆನಪಾಗುತ್ತದೆ.

ಆಕೆ ಹೊಲಿದ ಮುಟ್ಟಾಳೆಯನ್ನು, ನನ್ನ ಕೈಲಿ ಹೇಗೋ ಆದ ಇನ್ನೊಂದನ್ನು, ಹುಲ್ಲು ಸೀಳುವ ಉಳಿಯನ್ನು ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಊಟದ ವಿರಾಮದಲ್ಲಿ ಮುಟ್ಟಿ ನೋಡಿ, ಮಕ್ಕಳನ್ನೂ ಕರೆತನ್ನಿ. ಉಳಿಯ ಮೊನೆ ಮಾತ್ರ ಚೂಪಾಗಿದೆ. ನಾನು ಕೆತ್ತಿದ ಅಚ್ಚನ್ನು ತಂದಿಲ್ಲ. ಅದು ಮನೆಯಲ್ಲಿದೆ. ಇವತ್ತು ಸಂಜೆಯಿಂದ ಈ ಪೇಟ ಅದರ ಮೇಲಿರುತ್ತದೆ. ಅಳತೆ ಸರಿಹೋಗುವ ಹಾಗೆ ಕಾಣುತ್ತದೆ.